ಗಿಡಮರಗಳ ಸಾರವೂ ಅರ್ಬುದರೋಗದ ಔಷಧವೂ

(ಶಾಲೆಯ ವಾರ್ಷಿಕೋತ್ಸವದ ಸಂದರ್ಭದಲ್ಲಿ ಮಾಡಿದ ಭಾಷಣ)



ಈ ಶುಭಸಮಾರಂಭದಲ್ಲಿ ನಾಲ್ಕು ಮಾತುಗಳನ್ನಾಡಬೇಕೆಂದು ಸಂಘದವರು ನಮಗೆ ಅಪ್ಪಣೆಮಾಡಿದರು. 30 ವರ್ಷಗಳ ಕಾಲ ರಸಾಯನಶಾಸ್ತ್ರವನ್ನು ಬೋಧಿಸಿದವರಿಗೆ ಅದಲ್ಲದೆ ಬೇರಾವ ವಿಷಯ ತಾನೆ ಗೊತ್ತಿರುತ್ತದೆ? ಆದರೂ ಮಕ್ಕಳಿಗೂ ತಂದೆತಾಯಿಯರಿಗೂ ಏಕಕಾಲದಲ್ಲಿ ರುಚಿಸುವಂಥದು ಏನಿದ್ದೀತೆಂದು ಯೋಚಿಸುತ್ತಲೇ ಬಂದೆವು. ಶಾಲೆಯ ಅಂಗಳಕ್ಕೆ ಕಾಲಿಟ್ಟೊಡನೆ ಧ್ವಜಸ್ತಂಭದ ಸುತ್ತಲೂ ನೀವು ನೆಟ್ಟು ಬೆಳೆಸಿದ ನಿತ್ಯಪುಷ್ಪದ ಗಿಡಗಳು ಕಾಣಿಸಿದವು. ಕಾಶಿಕಣಗಿಲೆಯೆಂದು ಕೆಲವರು ಕರೆಯುವ, ನೆರೆಯ ಮಲೆಯಾಳದಲ್ಲಿ ಶವಂನಾರಿಯೆಂಬ ಅಶುಭ ಹೆಸರನ್ನು ಹೊತ್ತ, ಮಳೆಗೂ ಬಿಸಿಲಿಗೂ ಜಗ್ಗದ ಆ ಗುಲಾಬಿಬಣ್ಣದ ಹೂವು. ಮಾತಿನ ವಿಷಯ ಅಲ್ಲಿಯೇ ದೊರೆಯಿತು.

ಆ ಹೂವನ್ನು ಕಂಡಾಗಲೆಲ್ಲ ನಮಗೆ ನಮ್ಮ ಸೋದರತ್ತೆಯ ನೆನಪಾಗುತ್ತದೆ. ಅವರ ದೊಡ್ಡಕರುಳಿನಲ್ಲಿ ಅರ್ಬುದ, ಎಂದರೆ ಕ್ಯಾನ್ಸರ್, ಹುಟ್ಟಿರುವುದೆಂದು ವೈದ್ಯರು ತಿಳಿಸಿದಾಗ ಮನೆಮಂದಿಯೆಲ್ಲ ಕಂಗೆಟ್ಟರು. ಚಿಕಿತ್ಸೆಗಾಗಿ ಮಂಗಳೂರಿಗೆ ಹೋಗುವ ದಿನವೂ ಗೊತ್ತಾಯಿತು. ಅಷ್ಟರಲ್ಲಿ ಊರವರೊಬ್ಬರು ಬಂದು, ಈ ನಿತ್ಯಪುಷ್ಪದ ಗಿಡದಿಂದಲೇ ಡಾಕ್ಟರರು ಕ್ಯಾನ್ಸರಿನ ಮದ್ದನ್ನು ಮಾಡುತ್ತಾರಂತೆ, ಹಿತ್ತಿಲಲ್ಲಿ ಬೇಕಾದಷ್ಟು ಬೆಳೆದಿರುವಾಗ ದೂರ ಹೋಗಿ ಹಣ ಸುರಿಯುವುದೇಕೆ, ಎಂದರು. ಅತ್ತೆಗೆ ಅದು ದೇವರೇ ನುಡಿದಂತಾಯಿತು. ನಾಲ್ಕು ತಿಂಗಳ ಕಾಲ ಎಲೆಯ ಕಷಾಯವನ್ನು ಕುಡಿದರು. ರಸಾಯನಶಾಸ್ತ್ರವನ್ನು ಕಲಿತ ನಾವು ಅದನ್ನು ತಡೆಯಬೇಕಾಗಿತ್ತು. ಹಿರಿಯರ ಮಾತಿಗೆ ಎದುರಾಡುವುದೆಂತು ಎಂದುಕೊಂಡು ಸುಮ್ಮನಿದ್ದೆವು. ಆಸ್ಪತ್ರೆಗೆ ಹೋಗುವ ವೇಳೆಗೆ ರೋಗ ಯಕೃತ್ತಿಗೂ ಹಬ್ಬಿತ್ತು.

ಹೇಳಿದವರ ಮಾತು ಪೂರಾ ಸುಳ್ಳಾಗಿದ್ದಿದ್ದರೆ ಅತ್ತೆ ನಂಬುತ್ತಿರಲಿಲ್ಲವೋ ಏನೋ. ಅದರಲ್ಲಿ ಅರ್ಧ ನಿಜವಿದ್ದಿತು. ಕೆನಡಾ ದೇಶದಲ್ಲಿ ರಾಬರ್ಟ್ ನೋಬಲ್ ಮತ್ತು ಚಾರ್ಲ್ಸ್ ಬೀರ್ ಎಂಬವರು, ಈ ಗಿಡದ ಎಲೆಯಿಂದ ಮಧುಮೇಹ ಇಳಿಯುವುದೆಂಬ ಜಮೈಕಾದ ಜನರ ನಂಬಿಕೆಯನ್ನು ಪರೀಕ್ಷಿಸಹೊರಟರು. ಇಲಿಗಳ ಸಕ್ಕರೆ ಇಳಿಯಲಿಲ್ಲ. ಅದರ ಬದಲು ರಕ್ತದ ಬಿಳಿಯ ಕಣಗಳು ಇಳಿದವು. ಬಿಳಿಯ ಕಣಗಳು ಮಿತಿಮೀರಿ ಹೆಚ್ಚುವ ರಕ್ತದ ಕ್ಯಾನ್ಸರಿಗೆ ಇದು ಮದ್ದಾಗಬಾರದೇಕೆಂದು ಅವರಿಗೆ ಹೊಳೆಯಿತು. 1958ರಲ್ಲಿ ವಿನ್‌ಬ್ಲಾಸ್ಟಿನ್ ಎಂಬ ವಸ್ತುವನ್ನು ಪ್ರತ್ಯೇಕಿಸಿದರು. ಅದರ ಸೋದರಿಯಾದ ವಿನ್‌ಕ್ರಿಸ್ಟಿನ್ ಇಂದಿಗೂ ಮಕ್ಕಳ ರಕ್ತದ ಕ್ಯಾನ್ಸರಿಗೆ ಮುಖ್ಯ ಔಷಧ. ಆದರೆ ಒಂದು ಗ್ರಾಂ ವಿನ್‌ಕ್ರಿಸ್ಟಿನ್ ಪಡೆಯಬೇಕಾದರೆ ನೂರಾರು ಕಿಲೋ ಒಣಗಿದ ಎಲೆ ಬೇಕು. ಅದರೊಡನೆ ಎಲೆಯಲ್ಲಿ ಬೇರೆ ಹತ್ತಾರು ತೀಕ್ಷ್ಣ ಕ್ಷಾರವಸ್ತುಗಳು ಕೂಡಿಕೊಂಡಿವೆ. ಕಷಾಯದ ಲೋಟದಲ್ಲಿ ಯಾವುದು ಎಷ್ಟಿದೆಯೆಂದು ಬಲ್ಲವರಾರು? ಅಲ್ಲದೆ, ಅದು ಅತ್ತೆಯ ಕರುಳಿನ ರೋಗಕ್ಕೆ ಕೊಡುವ ಔಷಧವೇ ಅಲ್ಲ.

ಆಸ್ಪತ್ರೆಯಲ್ಲಿ ಅವರ ನರಕ್ಕೆ ಏರಿಸಿದ ಮದ್ದುಗಳಲ್ಲೊಂದರ ಹೆಸರು ಇರಿನೊಟೆಕಾನ್. ಸಣ್ಣ ಸೀಸೆಯಲ್ಲಿ ಮಂದ ಹಳದಿಯ ನೀರಿನಂತಿರುವ ಅದೂ ಒಂದು ಮರದಿಂದಲೇ ಬಂದುದು. ಆದರೆ ಮರದಲ್ಲಿ ಇದ್ದ ಹಾಗೆಯೇ ಬಂದುದಲ್ಲ. ಈ ವ್ಯತ್ಯಾಸವನ್ನೇ ನಿಮಗೆ ಇಂದು ವಿವರಿಸಬೇಕೆಂದಿದ್ದೇವೆ.

ಚೀನಾದಲ್ಲಿ ಕ್ಯಾಂಪ್ಟೊಥೀಕಾ ಎಂಬ ಎತ್ತರವಾದ ಮರವೊಂದು ಬೆಳೆಯುತ್ತದೆ. ಅಲ್ಲಿಯವರು ಅದನ್ನು ‘ಸಂತೋಷದ ಮರ’ವೆಂದು ಕರೆಯುತ್ತಾರೆ. ಅಮೆರಿಕದ ಕೃಷಿ ಇಲಾಖೆಯವರು ಅದನ್ನು ತಂದು ಕ್ಯಾಲಿಫೋರ್ನಿಯದ ಚೀಕೊ ಎಂಬಲ್ಲಿ ಬೆಳೆಸಿದ್ದರು. 1950ರ ದಶಕದಲ್ಲಿ ಆ ಇಲಾಖೆಯಲ್ಲಿದ್ದ ಮನ್ರೋ ವಾಲ್ ಎಂಬ ರಸಾಯನಜ್ಞರು ಕ್ಯಾನ್ಸರನ್ನು ಮನಸ್ಸಿನಲ್ಲಿಯೂ ಇಟ್ಟುಕೊಂಡಿರಲಿಲ್ಲ. ಕಾರ್ಟಿಸೋನ್ ತಯಾರಿಕೆಗೆ ಬೇಕಾದ ಕಚ್ಚಾವಸ್ತು ಯಾವ ಗಿಡದಲ್ಲಿ ದೊರೆಯುವುದೆಂದು ಸಾವಿರಾರು ಸಸ್ಯಗಳ ಸಾರವನ್ನು ಇಳಿಸಿ ನೋಡುತ್ತಿದ್ದರು. ಉಳಿದ ಸಾರಗಳನ್ನು ಚೆಲ್ಲುವುದೇಕೆಂದು, ಸುಮಾರು ಸಾವಿರವನ್ನು ರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆಗೆ ಪರೀಕ್ಷೆಗಾಗಿ ಕಳುಹಿಸಿದರು. ಆ ಸಾವಿರದಲ್ಲಿ ಇಲಿಗಳ ಕ್ಯಾನ್ಸರನ್ನು ಬಲವಾಗಿ ತಡೆದುದು ಸಂತೋಷದ ಮರದ ಸಾರವೊಂದೇ. ಗುಜರಿಯವನಿಗೆ ಹಾಕಬೇಕೆಂದಿದ್ದ ಪೆಟ್ಟಿಗೆಯಲ್ಲಿ ಚಿನ್ನದ ನಾಣ್ಯ ಸಿಕ್ಕಿದ ಹಾಗೆ.

ವಾಲ್ ಅವರು 1960ರಲ್ಲಿ ಉತ್ತರ ಕೆರೊಲೈನಾದ ರಿಸರ್ಚ್ ಟ್ರಯಾಂಗಲ್ ಸಂಸ್ಥೆಗೆ ಹೋದರು. ಅಲ್ಲಿ ಅವರ ಜತೆಗೂಡಿದವರು ಮನಸುಖ ವಾನಿ. ವಾನಿಯವರು 1925ರಲ್ಲಿ ಇಂದಿನ ಮಹಾರಾಷ್ಟ್ರದ ನಂದುರ್‌ಬಾರಿನಲ್ಲಿ ಹುಟ್ಟಿ, ಮುಂಬಯಿ ವಿಶ್ವವಿದ್ಯಾಲಯದಲ್ಲಿ ಓದಿ, ಅಮೆರಿಕದ ಇಂಡಿಯಾನಾದಲ್ಲಿ ಡಾಕ್ಟರೇಟ್ ಪಡೆದವರು. ಈ ಇಬ್ಬರೂ ತಮ್ಮ ಸಹೋದ್ಯೋಗಿಗಳೊಡನೆ ಮರದ ಸಾರವನ್ನು ಪಾಲುಪಾಲಾಗಿ ಬೇರ್ಪಡಿಸಿ, ಒಂದೊಂದು ಪಾಲನ್ನೂ ಇಲಿಗಳ ಮೇಲೆ ಪರೀಕ್ಷಿಸಿ, ಗುಣವುಳ್ಳ ಪಾಲನ್ನು ಮಾತ್ರ ಇರಿಸಿಕೊಂಡು ಅದನ್ನೇ ಮತ್ತೆ ಬೇರ್ಪಡಿಸುತ್ತ ಹೋದರು. ಮೊಸರನ್ನು ಕಡೆದು ಬೆಣ್ಣೆಯನ್ನು ತೆಗೆಯುವಾಗ ಕಣ್ಣಿಗೆ ಬೆಣ್ಣೆ ಕಾಣುತ್ತದೆ; ಇಲ್ಲಿ ಏನೂ ಕಾಣುವುದಿಲ್ಲ, ಇಲಿಯ ಆರೋಗ್ಯವೊಂದೇ ಗುರುತು. ಕೊನೆಗೆ ದೊರೆತ ಶುದ್ಧವಸ್ತುವಿಗೆ ಕ್ಯಾಂಪ್ಟೊಥೆಸಿನ್ ಎಂದು ಹೆಸರಾಯಿತು. ಅತಿನೇರಳೆ ಬೆಳಕಿನಲ್ಲಿ ಅದು ನೀಲಿಯಾಗಿ ಹೊಳೆಯುತ್ತದೆ. 1966ರಲ್ಲಿ ಅದರ ರಚನೆಯನ್ನು ಪ್ರಕಟಿಸಿದರು. ಮುಂದೆ 1971ರಲ್ಲಿ ಇನ್ನೊಂದು ಮರದಿಂದ ಟ್ಯಾಕ್ಸಾಲ್ ಎಂಬ ಹೆಸರುವಾಸಿಯಾದ ಔಷಧವಸ್ತುವನ್ನು ಹೊರಪಡಿಸಿದವರೂ ಇವರೇ. ವಾಲ್ 2002ರಲ್ಲಿಯೂ ವಾನಿ 2020ರಲ್ಲಿಯೂ ತೀರಿಕೊಂಡರು.

ಇನ್ನು ಮಕ್ಕಳು ಸ್ವಲ್ಪ ಗಮನವಿಟ್ಟು ಕೇಳಬೇಕು. ಕ್ಯಾಂಪ್ಟೊಥೆಸಿನ್ ಅಣುವಿನಲ್ಲಿ ಪರಮಾಣುಗಳು ಐದು ಉಂಗುರಗಳಾಗಿ ಒಂದಕ್ಕೊಂದು ಅಂಟಿಕೊಂಡು ಸಾಲಾಗಿ ನಿಂತಿವೆ. ಮೊದಲಿನ ನಾಲ್ಕು ಉಂಗುರಗಳು ಗಟ್ಟಿ. ಐದನೆಯದು ಕೊಂಡಿಯಿರುವ ಬಳೆಯಂತೆ. ಕ್ಷಾರದಲ್ಲಿ ಕೊಂಡಿ ಬಿಚ್ಚಿಕೊಳ್ಳುತ್ತದೆ; ಆಮ್ಲದಲ್ಲಿ ಮತ್ತೆ ಸೇರಿಕೊಳ್ಳುತ್ತದೆ. ರಸಾಯನಶಾಸ್ತ್ರದಲ್ಲಿ ಇಂತಹ ಉಂಗುರಕ್ಕೆ ಲ್ಯಾಕ್ಟೋನ್ ಎಂದು ಹೆಸರು. ಈ ಚಿಕ್ಕ ಕೊಂಡಿಯನ್ನು ಮರೆಯಬೇಡಿ. ಮುಂದಿನ ಅನಾಹುತಕ್ಕೆಲ್ಲ ಅದೇ ಕಾರಣ.

ಕ್ಯಾಂಪ್ಟೊಥೆಸಿನ್ ನೀರಿನಲ್ಲಿ ಕರಗುವುದಿಲ್ಲ. ಕರಗದ ವಸ್ತುವನ್ನು ರೋಗಿಯ ರಕ್ತಕ್ಕೆ ಸೇರಿಸುವುದು ಹೇಗೆ? ಅದನ್ನು ಕ್ಷಾರದೊಡನೆ ಸೇರಿಸಿ ಸೋಡಿಯಂ ಲವಣವನ್ನಾಗಿ ಮಾಡಿದರು. ಲವಣ ನೀರಿನಲ್ಲಿ ಸುಲಭವಾಗಿ ಕರಗಿತು. ಕೊಂಡಿ ಬಿಚ್ಚಿಕೊಂಡಿತೆಂಬುದು ನಿಜ, ಆದರೆ ಅದರಿಂದೇನು ನಷ್ಟವೆಂದು ಆಗ ಸರಿಯಾಗಿ ತಿಳಿದಿರಲಿಲ್ಲ. 1970ರ ಸುಮಾರಿಗೆ ಅಮೆರಿಕದಲ್ಲಿ ರೋಗಿಗಳಿಗೆ ಅದನ್ನು ಕೊಟ್ಟು ನೋಡಿದರು. ಪ್ರಯೋಜನವಾದುದು ಅಲ್ಪ. ಹಾನಿ ಮಾತ್ರ ಘೋರವಾಗಿತ್ತು. ವಾಂತಿ ಭೇದಿಗಳಾದವು, ರಕ್ತಕಣಗಳು ಕುಸಿದವು. ಎಲ್ಲಕ್ಕಿಂತ ಮಿಗಿಲಾಗಿ ಅನೇಕರಿಗೆ ಮೂತ್ರಕೋಶ ಹುಣ್ಣಾಗಿ ಮೂತ್ರದಲ್ಲಿ ರಕ್ತ ಹೋಗತೊಡಗಿತು. 1972ರ ಹೊತ್ತಿಗೆ ಪ್ರಯೋಗಗಳನ್ನು ನಿಲ್ಲಿಸಬೇಕಾಯಿತು. ಸಂತೋಷದ ಮರದ ಮದ್ದು ಕಪಾಟು ಸೇರಿತು.

ಮೂತ್ರಕೋಶವೇ ಏಕೆ ಸುಡಬೇಕು? ಇದಕ್ಕೆ ಉತ್ತರ ನಿಮ್ಮ ಪ್ರೌಢಶಾಲೆಯ ಆಮ್ಲ-ಕ್ಷಾರಗಳ ಪಾಠದಲ್ಲಿಯೇ ಇದೆ. ಕೊಂಡಿ ಬಿಚ್ಚಿದ ಅಣು ನಿಸ್ತೇಜ. ಅದು ರೋಗದ ಕೋಶವನ್ನು ಮುಟ್ಟಲಾರದು. ನಮ್ಮ ರಕ್ತ ಕೊಂಚ ಕ್ಷಾರಗುಣವುಳ್ಳದ್ದಾದುದರಿಂದ ಅಲ್ಲಿ ಅಣು ಬಿಚ್ಚಿಕೊಂಡೇ ಇದ್ದಿತು. ಗಡ್ಡೆಯಿದ್ದಲ್ಲಿ ಕೆಲಸ ಮಾಡದೆ, ಮೂತ್ರಪಿಂಡಗಳನ್ನು ಹಾಯ್ದು ಮೂತ್ರಕೋಶಕ್ಕೆ ಬಂದಿಳಿಯಿತು. ಅಲ್ಲಿ ಮೂತ್ರ ಸಾಮಾನ್ಯವಾಗಿ ಆಮ್ಲ. ಕೊಂಡಿ ಮತ್ತೆ ಸೇರಿತು, ಅಣುವಿಗೆ ತೇಜಸ್ಸು ಮರಳಿತು, ಮೂತ್ರಕೋಶದ ಒಳಪೊರೆಯನ್ನು ಸುಡತೊಡಗಿತು. ಬೇಕಾದಲ್ಲಿ ಮಲಗಿದ್ದು ಬೇಡವಾದಲ್ಲಿ ಎಚ್ಚತ್ತ ಕಾವಲುಗಾರನ ಕಥೆ ಇದು. ವಸ್ತು ಕೆಟ್ಟದಾಗಿರಲಿಲ್ಲ, ಕೊಟ್ಟ ರೂಪ ತಪ್ಪಾಗಿತ್ತು. ಆ ರೋಗಿಗಳು ಪಟ್ಟ ಯಾತನೆಯನ್ನು ನೆನೆದಾಗ, ಹೊಸ ಔಷಧವನ್ನು ಮೊದಲು ತಮ್ಮ ದೇಹದಲ್ಲಿ ಸ್ವೀಕರಿಸುವವರ ಋಣವನ್ನು ನಾವಾರೂ ತೀರಿಸಲಾರೆವೆನಿಸುತ್ತದೆ. ಅವರ ಹೆಸರುಗಳು ಯಾವ ಪುಸ್ತಕದಲ್ಲಿಯೂ ಇಲ್ಲ.

ಇಷ್ಟಾದರೂ ಈ ಅಣು ಕ್ಯಾನ್ಸರಿನ ಕೋಶವನ್ನು ಹೇಗೆ ಕೊಲ್ಲುವುದೆಂಬ ಪ್ರಶ್ನೆ ಉಳಿದೇ ಇತ್ತು. ನಮ್ಮದು ತೆಂಗಿನ ನಾಡು; ಹುರಿಹಗ್ಗವನ್ನು ನೋಡದ ಮಗು ಇಲ್ಲಿಲ್ಲ. ಎರಡೆಳೆಯ ಹಗ್ಗವೊಂದರ ಎರಡು ತುದಿಗಳನ್ನೂ ಗೂಟಕ್ಕೆ ಕಟ್ಟಿ, ನಡುವೆ ಬೆರಳು ತೂರಿಸಿ ಎಳೆಗಳನ್ನು ಬಿಡಿಸುತ್ತ ಹೋಗಿರಿ. ಬೆರಳಿನ ಮುಂದುಗಡೆ ಹುರಿ ಬಿಗಿಯಾಗಿ, ಇನ್ನು ಮುಂದೆ ಹೋಗಲಾರದೆಂಬಂತೆ ಗಂಟುಬೀಳುತ್ತದೆ. ಜೀವಕೋಶದೊಳಗಿನ ಡಿ.ಎನ್.ಎ. ಎಂಬುದು ಇಂತಹದೇ ಎರಡೆಳೆಯ ಹುರಿ. ಕೋಶವೊಂದು ಎರಡಾಗುವ ಮುನ್ನ ಈ ಹುರಿಯನ್ನು ಬಿಡಿಸಿ ನಕಲು ತೆಗೆಯಬೇಕು. ಆಗ ಮುಂದುಗಡೆ ಸೇರುವ ಬಿಗಿತವನ್ನು ಕಳೆಯುವುದಕ್ಕೆ ಟೋಪೊಐಸೊಮರೇಸ್ ಎಂಬ ಕಿಣ್ವವಿದೆ. ಅದು ಒಂದೆಳೆಯನ್ನು ಮಾತ್ರ ಕತ್ತರಿಸಿ, ಹುರಿಯನ್ನು ತಿರುಗಗೊಟ್ಟು, ಬಿಗಿತ ಕಳೆದ ಮೇಲೆ ಕತ್ತರಿಸಿದ್ದನ್ನು ತಾನೇ ಬೆಸೆಯುತ್ತದೆ. ಕ್ಯಾಂಪ್ಟೊಥೆಸಿನ್ ಆ ಕತ್ತರಿಸಿದ ಸಂದಿನಲ್ಲಿ ಬೆಣೆಯಂತೆ ಕುಳಿತುಬಿಡುತ್ತದೆ. ಬೆಸುಗೆ ಆಗದು. ಹಿಂದಿನಿಂದ ನಕಲು ಮಾಡುತ್ತ ಬರುವ ಯಂತ್ರ ಅಲ್ಲಿಗೆ ಬಂದು ಢಿಕ್ಕಿ ಹೊಡೆದಾಗ ಎರಡೆಳೆಗಳೂ ಹರಿದು ಕೋಶ ಸಾಯುತ್ತದೆ. ಕ್ಯಾನ್ಸರಿನ ಕೋಶಗಳು ಎಡೆಬಿಡದೆ ಇಬ್ಭಾಗವಾಗುತ್ತಿರುವುದರಿಂದ ಅವೇ ಹೆಚ್ಚಾಗಿ ಸಿಕ್ಕಿಬೀಳುತ್ತವೆ. ಇದನ್ನು 1985ರಲ್ಲಿ ಅಮೆರಿಕದ ಜಾನ್ಸ್ ಹಾಪ್‌ಕಿನ್ಸ್ ವಿಶ್ವವಿದ್ಯಾಲಯದಲ್ಲಿ ಲಿರಾಯ್ ಲಿಯು ಅವರೂ ಸಂಗಡಿಗರೂ ತೋರಿಸಿಕೊಟ್ಟರು. ಕಪಾಟು ಮತ್ತೆ ತೆರೆಯಿತು.

ನಿಜ ಹೇಳಬೇಕೆಂದರೆ, ಜಪಾನಿನಲ್ಲಿ ಅದು ಮುಚ್ಚಿಯೇ ಇರಲಿಲ್ಲ. ಹುದುಗಿಸಿದ ಹಾಲಿನ ಪಾನೀಯವನ್ನು ಮಾರುವ ಯಾಕುಲ್ಟ್ ಎಂಬ ಸಂಸ್ಥೆಯ ಪ್ರಯೋಗಾಲಯದವರು 1980ರ ದಶಕದ ಆದಿಯಿಂದಲೇ ಈ ಅಣುವಿನ ತಿದ್ದುಪಡಿಯಲ್ಲಿ ತೊಡಗಿದ್ದರು. ಹಾಲು ಮಾರುವವರಿಗೆ ಕ್ಯಾನ್ಸರಿನ ಗೊಡವೆ ಏಕೆಂದು ನಮಗೂ ಮೊದಲು ಅನಿಸಿತ್ತು. ಅವರು ಮಾಡಿದ ಕೆಲಸವನ್ನು ಎರಡು ಹಂತವಾಗಿ ಹೇಳಬಹುದು. ಮೊದಲು ಉಂಗುರಗಳ ಸಾಲಿನಲ್ಲಿ, ಕೊಂಡಿಯಿಂದ ದೂರವಾದ ಎರಡು ತಾಣಗಳಲ್ಲಿ ಸಣ್ಣ ಗುಂಪುಗಳನ್ನು ಸೇರಿಸಿದರು. ಹೀಗೆ ಆದ ಎಸ್.ಎನ್.-38 ಎಂಬ ವಸ್ತು ಬಲು ತೀಕ್ಷ್ಣ; ಆದರೆ ಅದೂ ನೀರಿನಲ್ಲಿ ಕರಗದು. ಆದುದರಿಂದ ಎರಡನೆಯದಾಗಿ, ನೀರನ್ನು ಒಲಿಯುವ ಬಾಲವೊಂದನ್ನು ಅದಕ್ಕೆ ಅಂಟಿಸಿದರು. ಕೊಂಡಿಯನ್ನು ಬಿಚ್ಚದೆಯೇ ಅಣು ಕರಗಿತು. ಹಿಂದಿನವರು ಕರಗುವಿಕೆಗಾಗಿ ಕೊಂಡಿಯನ್ನೇ ಬಲಿಕೊಟ್ಟಿದ್ದರಲ್ಲವೆ? ಇವರು ಅದನ್ನು ಹಾಗೆಯೇ ಉಳಿಸಿ ಬೇರೊಂದು ಕಡೆ ಬಾಲ ಕಟ್ಟಿದರು. ಬಾಲವಿರುವವರೆಗೆ ಔಷಧ ಹೆಚ್ಚುಕಡಿಮೆ ನಿದ್ರೆಯಲ್ಲಿರುತ್ತದೆ. ದೇಹದೊಳಗೆ, ಮುಖ್ಯವಾಗಿ ಯಕೃತ್ತಿನಲ್ಲಿ, ಇರುವ ಕಿಣ್ವವೊಂದು ಬಾಲವನ್ನು ಕತ್ತರಿಸಿದಾಗ ಎಸ್.ಎನ್.-38 ಹೊರಬರುತ್ತದೆ. ಅದರ ಶಕ್ತಿ ಬಾಲವಿದ್ದಾಗಿನದಕ್ಕಿಂತ ನೂರು ಪಟ್ಟಿಗೂ ಮಿಗಿಲು. ಬಾಲವುಳ್ಳ ಈ ರೂಪವೇ ಇರಿನೊಟೆಕಾನ್. 1994ರಲ್ಲಿ ಜಪಾನಿನಲ್ಲಿಯೂ 1996ರಲ್ಲಿ ಅಮೆರಿಕದಲ್ಲಿಯೂ ಅದಕ್ಕೆ ಒಪ್ಪಿಗೆ ದೊರೆಯಿತು. ಅದೇ 1996ರಲ್ಲಿ, ಬೇರೊಂದು ತಾಣದಲ್ಲಿ ನೀರೊಲಿಯುವ ಗುಂಪನ್ನು ಕಟ್ಟಿ ಮಾಡಿದ ಟೋಪೊಟೆಕಾನ್ ಎಂಬುದು ಅಂಡಾಶಯದ ಕ್ಯಾನ್ಸರಿಗೆ ಒಪ್ಪಿತವಾಯಿತು.

ಹಾಗೆಂದು ಇರಿನೊಟೆಕಾನ್ ನಿರ್ದೋಷವಾದ ಅಮೃತವೆಂದು ಭಾವಿಸಬಾರದು. ಎಸ್.ಎನ್.-38ನ್ನು ಹೊರಗಟ್ಟುವುದಕ್ಕಾಗಿ ಯಕೃತ್ತು ಅದಕ್ಕೊಂದು ಸಕ್ಕರೆಯಂತಹ ತುಣುಕನ್ನು ಅಂಟಿಸಿ ಪಿತ್ತರಸದೊಡನೆ ಕರುಳಿಗೆ ಕಳುಹಿಸುತ್ತದೆ. ಕರುಳಿನಲ್ಲಿರುವ ಬ್ಯಾಕ್ಟೀರಿಯಗಳು ಆ ತುಣುಕನ್ನು ಕಿತ್ತುಬಿಡುತ್ತವೆ. ಔಷಧ ಮತ್ತೆ ಎಚ್ಚತ್ತು ಕರುಳಿನ ಒಳಪೊರೆಯನ್ನು ನೋಯಿಸಿ, ಪ್ರಾಣಕ್ಕೇ ಸಂಚಕಾರವಾಗುವಷ್ಟು ಭೇದಿಯನ್ನುಂಟುಮಾಡಬಲ್ಲುದು. ಕೆಲವರಲ್ಲಿ ಈ ತುಣುಕನ್ನು ಅಂಟಿಸುವ ಕಿಣ್ವವೇ ಹುಟ್ಟಿನಿಂದ ಮಂದವಾಗಿರುವುದುಂಟು. ಅಂತಹವರಿಗೆ ಮದ್ದಿನ ಪ್ರಮಾಣವನ್ನು ಇಳಿಸಬೇಕಾಗುತ್ತದೆ. ಅತ್ತೆಗೂ ಭೇದಿ ಬಹಳವಾಯಿತು. ಒಮ್ಮೆ ಇನ್ನು ಸಾಕೆಂದು ಎದ್ದುಬಂದಿದ್ದರು. ಶುಶ್ರೂಷಕಿಯೊಬ್ಬರು ಭೇದಿ ಆರಂಭವಾದ ಗಳಿಗೆಯಲ್ಲಿಯೇ ಯಾವ ಮಾತ್ರೆಯನ್ನು ನುಂಗಬೇಕು, ಎಷ್ಟು ನೀರು ಕುಡಿಯಬೇಕು, ಯಾವಾಗ ತಡಮಾಡದೆ ಆಸ್ಪತ್ರೆಗೆ ಬರಬೇಕು ಎಂಬುದನ್ನೆಲ್ಲ ಕನ್ನಡದಲ್ಲಿ ಬರೆದುಕೊಟ್ಟರು. ಆ ಚೀಟಿಯನ್ನು ಅತ್ತೆ ಸೆರಗಿನ ಗಂಟಿನಲ್ಲಿಯೇ ಇರಿಸಿಕೊಂಡಿದ್ದರು. ಅವರು ಮತ್ತೆ ಎರಡು ವರ್ಷಕ್ಕೂ ಮಿಕ್ಕಿ ಬದುಕಿದರು. ಮೊಮ್ಮಗಳ ಮದುವೆಯಲ್ಲಿ ಹೋಳಿಗೆಗೆ ತಾವೇ ಕಣಕ ನಾದಿದರು. ಕಷಾಯದಲ್ಲಿ ಕಳೆದ ಆ ನಾಲ್ಕು ತಿಂಗಳು ಕೈಯಲ್ಲಿದ್ದಿದ್ದರೆ ಏನಾಗುತ್ತಿತ್ತೋ ಹೇಳಬಲ್ಲವರಿಲ್ಲ. ಆ ಪ್ರಶ್ನೆ ಮಾತ್ರ ನಮ್ಮನ್ನು ಬಿಟ್ಟಿಲ್ಲ.

ಈಗ ನಮ್ಮ ಘಟ್ಟದ ಕಡೆಗೆ ತಿರುಗೋಣ. ಚೀನಾದ ಮರದಲ್ಲಿರುವ ಇದೇ ಕ್ಯಾಂಪ್ಟೊಥೆಸಿನ್ ನಮ್ಮ ಪೂರ್ವದಿಕ್ಕಿಗೆ ಕಾಣುವ ಪಶ್ಚಿಮಘಟ್ಟಗಳ ಒಂದು ಸಣ್ಣ ಮರದಲ್ಲಿಯೂ ಇದೆ. ಕೊಡಗು, ವಯನಾಡು, ನೀಲಗಿರಿಗಳ ಕಾಡಿನಲ್ಲಿ ಬೆಳೆಯುವ ಅದನ್ನು ಕನ್ನಡದಲ್ಲಿ ದುರ್ವಾಸನೆ ಮರವೆನ್ನುತ್ತಾರೆ. ಸಸ್ಯಶಾಸ್ತ್ರಜ್ಞರು ಹಿಂದೆ ಇಟ್ಟಿದ್ದ ಹೆಸರಿನ ಅರ್ಥವೂ ನಾರುವ ಮರವೆಂದೇ. ಮುಂಬಯಿಯ ಸಿಬಾ ಸಂಶೋಧನ ಕೇಂದ್ರದಲ್ಲಿದ್ದ ಟಿ. ಆರ್. ಗೋವಿಂದಾಚಾರಿ ಮತ್ತು ಎನ್. ವಿಶ್ವನಾಥನ್ ಅವರು 1970ರ ದಶಕದ ಆದಿಯಲ್ಲಿ ಈ ಮರದಲ್ಲಿ ಕ್ಯಾಂಪ್ಟೊಥೆಸಿನ್ ಇರುವುದನ್ನು ಪ್ರಕಟಿಸಿದರು. ಹೂವಿನ ವಾಸನೆಗೆ ಮೂಗು ಮುಚ್ಚಿಕೊಂಡು ದಾಟುತ್ತಿದ್ದ ಮರಕ್ಕೆ ಒಮ್ಮೆಲೇ ಬೆಲೆ ಬಂದಿತು. ಬೆಲೆ ಬಂದುದೇ ಅದಕ್ಕೆ ಮುಳುವಾಯಿತು. ಒಂದು ಕಿಲೋ ಒಣಗಿದ ಕಟ್ಟಿಗೆಯಲ್ಲಿ ದೊರೆಯುವುದು ಕೆಲವೇ ಗ್ರಾಂ. ಹಾಗಾಗಿ ಕಾಡಿನ ಮರಗಳನ್ನು ಬುಡಸಹಿತ ಕಡಿದು ಹೊರದೇಶಗಳಿಗೆ ಸಾಗಿಸಿದರು. ಘಟ್ಟದ ಹಲವೆಡೆಗಳಲ್ಲಿ ಮರದ ಸಂಖ್ಯೆ ಕುಗ್ಗಿತು. ಈಗ ಅದನ್ನು ತೋಟದ ಬೆಳೆಯನ್ನಾಗಿ ಬೆಳೆಸುವ ಯತ್ನಗಳೂ, ಯಾವ ತಾಣದ ಮರದಲ್ಲಿ ಅಂಶ ಹೆಚ್ಚೆಂದು ಅಳೆಯುವ ಅಧ್ಯಯನಗಳೂ ನಡೆದಿವೆ. ಪೂರ್ತಿಯಾಗಿ ಪ್ರಯೋಗಾಲಯದಲ್ಲಿಯೇ ಕ್ಯಾಂಪ್ಟೊಥೆಸಿನ್ ಕಟ್ಟುವುದು ಸಾಧ್ಯವೆಂದು 1971ರಲ್ಲಿಯೇ ಗಿಲ್ಬರ್ಟ್ ಸ್ಟಾರ್ಕ್ ಎಂಬ ಮೇಧಾವಿ ತೋರಿಸಿದ್ದರು. ಆದರೂ ಬೆನ್ನೆಲುಬನ್ನು ಮರದಿಂದ ಪಡೆದು, ತಿದ್ದುಪಡಿಯನ್ನು ಮಾತ್ರ ತಾವು ಮಾಡುವುದೇ ಔಷಧ ತಯಾರಕರಿಗೆ ಅಗ್ಗವಾಗಿ ಕಂಡಿದೆ. ಐದು ಉಂಗುರಗಳನ್ನು ಒಂದು ತಪ್ಪೂ ಇಲ್ಲದೆ ಕಟ್ಟುವ ಕೆಲಸದಲ್ಲಿ ಮರವನ್ನು ಮೀರಿಸುವುದು ಸುಲಭವಲ್ಲ.

ತಂದೆತಾಯಿಯರಿಗೆ ಇನ್ನೊಂದು ಮಾತು. ಇರಿನೊಟೆಕಾನನ್ನು ವಿಶ್ವ ಆರೋಗ್ಯ ಸಂಸ್ಥೆಯವರು 2015ರಲ್ಲಿ ತಮ್ಮ ಅತ್ಯವಶ್ಯಕ ಔಷಧಗಳ ಪಟ್ಟಿಗೆ ಸೇರಿಸಿದರು. ನಮ್ಮ ದೇಶದ ಪಟ್ಟಿಗೆ ಅದು 2022ರಲ್ಲಿ ಸೇರಿತು. ಈ ಪಟ್ಟಿಯಲ್ಲಿರುವ ಔಷಧಗಳಿಗೆ ಸರಕಾರ ಬೆಲೆಯ ಮಿತಿಯನ್ನು ಗೊತ್ತುಮಾಡುತ್ತದೆ. ಆಸ್ಪತ್ರೆಯ ಮದ್ದೆಂದರೆ ಮನೆ ಮಾರಬೇಕೆಂದು ಹೆದರಿ ಹಿತ್ತಿಲ ಗಿಡಕ್ಕೆ ಮೊರೆಹೋಗುವವರು ಮೊದಲು ಬೆಲೆಯನ್ನೊಮ್ಮೆ ವಿಚಾರಿಸುವುದು ಒಳ್ಳೆಯದು.

ಈ ಅಣುವಿನ ತಿದ್ದುಪಡಿ ಇನ್ನೂ ಮುಗಿದಿಲ್ಲ. ಇತ್ತೀಚೆಗೆ ರಸಾಯನಜ್ಞರು ಅದಕ್ಕೆ ಕೇವಲ ಬಾಲವನ್ನಲ್ಲ, ದಾರಿ ಬಲ್ಲ ಸಾರಥಿಯನ್ನೇ ಕಟ್ಟಿದ್ದಾರೆ. ಕ್ಯಾನ್ಸರಿನ ಕೋಶದ ಮೈಮೇಲಿನ ಗುರುತನ್ನು ಹುಡುಕಿ ಹಿಡಿಯಬಲ್ಲ ಪ್ರತಿಕಾಯವೆಂಬ ಪ್ರೋಟೀನಿಗೆ ಕ್ಯಾಂಪ್ಟೊಥೆಸಿನ್ನಿನ ಮರಿಗಳನ್ನು ಅಂಟಿಸಿ ಕಳುಹಿಸುತ್ತಾರೆ. ಕೋಶ ಅದನ್ನು ಒಳಗೆ ಸೆಳೆದುಕೊಂಡ ಮೇಲೆ ಕಟ್ಟು ಕಳಚುತ್ತದೆ. ಇಂತಹ ಎರಡು ಔಷಧಗಳಿಗೆ ಅಮೆರಿಕದಲ್ಲಿ 2019ರ ಕೊನೆಯಲ್ಲಿಯೂ 2020ರಲ್ಲಿಯೂ ಸ್ತನದ ಕ್ಯಾನ್ಸರಿಗಾಗಿ ಒಪ್ಪಿಗೆ ದೊರೆಯಿತು. ಎರಡನೆಯದು ಹೊತ್ತೊಯ್ಯುವುದು ಅದೇ ಎಸ್.ಎನ್.-38ನ್ನು. ಇವುಗಳ ಬೆಲೆ ಮಾತ್ರ ಇನ್ನೂ ನಮ್ಮಂಥವರ ಕೈಗೆಟುಕುವುದಲ್ಲ.

ಮಕ್ಕಳೆ, ಮಾತು ದೀರ್ಘವಾಯಿತು. ಹಿಂದಿನ ಸಾಲಿನವರು ಚೌಕಿಯ ಕಡೆ ಮತ್ತೆ ಮತ್ತೆ ತಿರುಗಿ ನೋಡುತ್ತಿರುವುದು ನಮಗೆ ಕಾಣುತ್ತಿದೆ. ಎಂಟನೆಯ ತರಗತಿಯ ಕೋಣೆಯ ಕರಿಹಲಗೆಯ ಮೇಲೆ ಈ ಐದು ಉಂಗುರಗಳನ್ನು ಬಣ್ಣದ ಸೀಮೆಸುಣ್ಣದಲ್ಲಿ ಬರೆದಿಟ್ಟಿದ್ದೇವೆ. ಮರ ಕಟ್ಟಿದ್ದು ಬಿಳಿಯಲ್ಲಿ, ಮನುಷ್ಯರು ಸೇರಿಸಿದ್ದು ಕೆಂಪಿನಲ್ಲಿ. ಐದನೆಯ ಉಂಗುರದ ಕೊಂಡಿಯನ್ನು ಬೇಕೆಂದೇ ತೆರೆದು ಬಿಟ್ಟಿದ್ದೇವೆ; ಅದು ಮುಚ್ಚುವಾಗ ಯಾವ ಪರಮಾಣುಗಳು ನೀರಾಗಿ ಹೊರಬೀಳುವುವೆಂಬುದನ್ನು ಹತ್ತನೆಯ ತರಗತಿಯವರು ಬರೆದು ತೋರಿಸಬೇಕು. ಯಕ್ಷಗಾನ ಆರಂಭವಾಗುವುದಕ್ಕೆ ಇನ್ನೂ ಅರ್ಧ ಗಂಟೆ ಇದೆಯಂತೆ. ಅಷ್ಟರವರೆಗೆ ನಾವು ಆ ಕೋಣೆಯಲ್ಲಿಯೇ ಇರುತ್ತೇವೆ.